ಅತ್ತೆ ಕೇಳಿದ ಕೆಂಪು ಹಂದಿ

ಮಳೆ ಶುರುವಾದಾಗಿಂದ ನಮ್ಮತ್ತೆ ಸರಿಯಾಗಿ ಊಟ ಮಾಡ್ತಿರ್ಲಿಲ್ಲ. ವಯಸ್ಸು 83. ಎರಡು ಚಮಚ ಗಂಜಿ ಕುಡಿದು ಬಟ್ಟಲು ದೂಡಿಬಿಡೋರು. ತೂಕ 38 ಕೆ.ಜಿ.ಗೆ ಇಳೀತು. ಡಾಕ್ಟ್ರು "ಪಥ್ಯಗಿಥ್ಯ ಏನೂ ಬೇಡಮ್ಮ, ಅವ್ರು ಏನ್ ಕೇಳ್ತಾರೋ ಅದನ್ನ ಕೊಡಿ" ಅಂದ್ರು. ಆದ್ರೆ ಕೇಳ್ಬೇಕಲ್ಲ? ಮರೆವು ಬೇರೆ. ಒಂದಿನ ಸಂಜೆ ಜಗಲೀಲಿ ಕೂತಿದ್ದವ್ರು ಇದ್ದಕ್ಕಿದ್ದಂಗೆ "ಆ ಕೆಂಪು ಹಂದಿ ಮಾಡೇ" ಅಂದ್ರು.

ನಂಗೆ ಅರ್ಥವಾಗ್ಲಿಲ್ಲ. ನಮ್ಮ ಸೋಮವಾರಪೇಟೆ ಕಡೆ ಹಂದಿ ಅಂದ್ರೆ ಕಪ್ಪು. ಹುರಿದ ಮಸಾಲೆ, ಕಾಳುಮೆಣಸು, ಕೊನೇಲಿ ಕಾಚಂಪುಳಿ. ಜೊತೆಗೆ ಅಕ್ಕಿರೊಟ್ಟಿ ಇಲ್ಲಾ ಕಡುಬು. ನಾನು ಈ ಮನೆಗೆ ಬಂದು 31 ವರ್ಷ ಆಯ್ತು. ಅಷ್ಟೂ ವರ್ಷ ಅತ್ತೆ ನನ್ನ ಹಂದಿ ಸಾರು ತಿಂದು ಹೇಳಿದ್ದು ಒಂದೇ ಮಾತು, "ಹುಳಿ ಸಾಲ್ದು." ಚೆನ್ನಾಗಿದೆ ಅಂತ ಒಂದಿನಾನೂ ಅಂದವ್ರಲ್ಲ. ಬಾಯಲ್ಲಿ ಹೇಳದೇ ಇದ್ರೂ ಮನಸ್ಸಲ್ಲಿ ನಂಗೆ ಆ ಬೇಜಾರು ಇತ್ತು ಬಿಡಿ.

ಬಿಡಿಸಿ ಬಿಡಿಸಿ ಕೇಳಿದ್ಮೇಲೆ ಕಥೆ ಬಂತು. ಮಾವ ಮಿಲಿಟ್ರೀಲಿದ್ರು. 70ರ ದಶಕದಲ್ಲಿ ಮೂರು ವರ್ಷ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ಕೆಲಸ, ಅತ್ತೇನೂ ಅಲ್ಲೇ ಇದ್ರು. ಸಂಬಳದ ದಿನ ಮಾವ ಇವ್ರನ್ನ ಚೀನಾದವರ ಹೋಟ್ಲಿಗೆ ಕರ್ಕೊಂಡು ಹೋಗೋರಂತೆ. ಮೊದಲ ಸಲ ಅತ್ತೆ ಒಳಗೇ ಕಾಲಿಡ್ಲಿಲ್ವಂತೆ. ಚೀನಾ ಯುದ್ಧ ಮುಗಿದು ಇನ್ನೂ ಹತ್ತು ಹನ್ನೆರಡು ವರ್ಷ ಆಗಿತ್ತಷ್ಟೆ. ಮಾವ "ಬಂದೂಕ ಹಿಡಿದೋನು ನಾನು, ನಂಗಿಲ್ಲದ ಸಿಟ್ಟು ನಿಂಗ್ಯಾಕೆ? ಬಾ" ಅಂದ್ರಂತೆ.

ಮಾವ ಅಂದಿದ್ದು ಸರಿ. ಕಲ್ಕತ್ತೆ ಚೀನಾದವರು ನಿನ್ನೆ ಮೊನ್ನೆ ಬಂದವರಲ್ಲ. ವಾರನ್ ಹೇಸ್ಟಿಂಗ್ಸ್ ಕಾಲದಲ್ಲೇ ಅಚ್ಯೂ ಅನ್ನೋನೊಬ್ಬ ಹೂಗ್ಲಿ ದಂಡೇಲಿ ಸಕ್ಕರೆ ಗಿರಣಿ ಹಾಕಿದ್ದ. ಆ ಜಾಗಕ್ಕೆ ಇವತ್ತಿಗೂ ಅಚಿಪುರ ಅಂತಾನೇ ಹೆಸರು. 1962ರ ಯುದ್ಧವಾದಾಗ ಇಲ್ಲೇ ಹುಟ್ಟಿ ಬೆಳೆದವರನ್ನೂ ಹಿಡಿದು ರಾಜಸ್ಥಾನದ ದೇವಲಿ ಕ್ಯಾಂಪಲ್ಲಿ ಇಟ್ಟಿದ್ರು. ಪಾಪ, ಅಡುಗೆ ಮಾಡೋರು ಏನ್ ಯುದ್ಧ ಮಾಡಿದ್ರು?

ಬೆಂಗಳೂರಲ್ಲಿರೋ ಮಗಳಿಗೆ ಫೋನ್ ಮಾಡಿ, "ಕೆಂಪಗೆ, ಸಿಹಿ, ಹುಳಿ, ಅನಾನಸ್ ತುಂಡು ಇರತ್ತಂತೆ ಕಣೇ" ಅಂದೆ. "ಅಮ್ಮಾ, ಅದು ಸ್ವೀಟ್ ಅಂಡ್ ಸೋರ್ ಪೋರ್ಕ್" ಅಂತ ನಕ್ಲು. ದಕ್ಷಿಣ ಚೀನಾದ ಕ್ಯಾಂಟನ್ ಕಡೆ ಅಡುಗೆಯಂತೆ. ಅವರ ಭಾಷೇಲಿ ಗು ಲೋ ಯುಕ್ ಅಂತಾರಂತೆ. ಮಾಡೋ ವಿಡಿಯೋನೂ ಕಳಿಸಿದ್ಲು.

ಮೊದಲನೇ ಸಲ ನಾನು ನನ್ನ ಬುದ್ಧಿ ಓಡಿಸ್ದೆ. ಹುಳಿ ತಾನೇ, ಮನೇಲಿ ಕಾಚಂಪುಳಿ ಇರುವಾಗ ವಿನೆಗರ್ ಯಾಕೆ ಅಂತ ಅದನ್ನೇ ಸುರಿದೆ. ಬಾಂಡ್ಲಿಗೆ ಬಾಂಡ್ಲಿಯೇ ಕಪ್ಪಾಯ್ತು. ಅತ್ತೆ ಒಂದು ತುಂಡು ಬಾಯಿಗಿಟ್ಟು "ಇದು ನಮ್ಮನೇದು. ನಾನು ಕೇಳಿದ್ದು ಕೆಂಪಂದು" ಅಂತ ತಟ್ಟೆ ದೂಡಿದ್ರು. ಮರೆವಿನವರು ಅಂತೀವಿ, ನಾಲಿಗೆಗೆ ಮರೆವಿಲ್ಲ ನೋಡಿ.

ಎರಡನೇ ಸಲ ವಿನೆಗರ್ ತಂದೆ. ಬಣ್ಣ, ರುಚಿ ಎರಡೂ ಬಂತು. ಆದ್ರೆ ಅತ್ತೆ ಮಲಗಿದ್ರು. ಏಳ್ಲಿ ಅಂತ ಗೊಜ್ಜು ಬೆರೆಸಿ ಮುಚ್ಚಿಟ್ಟೆ. ಒಂದು ಗಂಟೆ ಬಿಟ್ಟು ತೆಗೆದ್ರೆ ಮೇಲಿನ ಹಿಟ್ಟೆಲ್ಲಾ ಕಳಚಿ ಅಂಟು ಅಂಟು. ನಂಗೇ ತಿನ್ನೋಕೆ ಆಗ್ಲಿಲ್ಲ.

ಮೂರನೇ ಸಲ ಅತ್ತೇನ ಅಡುಗೆಮನೆಗೇ ಕರ್ಕೊಂಡ್ಬಂದು ಕುರ್ಚಿ ಹಾಕಿ ಕೂರಿಸ್ದೆ. ನೀವೂ ಮಾಡೋದಿದ್ರೆ ಹೀಗೆ ಮಾಡಿ. ಅರ್ಧ ಕೆ.ಜಿ. ಎಲುಬಿಲ್ಲದ, ಸ್ವಲ್ಪ ನೆಣ ಇರೋ ಮಾಂಸ. ಸಣ್ಣ ತುಂಡು ಮಾಡಿ ಉಪ್ಪು, ಮೆಣಸಿನ ಪುಡಿ (ಕರಿಮೆಣಸಿಂದು), ಒಂದು ಚಮಚ ಸೋಯಾ ಸಾಸ್, ಒಂದು ಮೊಟ್ಟೆ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ ಕಾರ್ನ್‌ಫ್ಲೋರಲ್ಲಿ ಹೊರಳಿಸಿ. ಎರಡು ಸಲ ಕರೀಬೇಕು. ಮೊದಲು ಮಧ್ಯಮ ಉರೀಲಿ ಒಳಗೆಲ್ಲಾ ಪೂರ್ತಿ ಬೇಯೋವರೆಗೆ. ತೆಗೆದಿಟ್ಟು, ಬಡಿಸೋ ಹೊತ್ತಿಗೆ ಜೋರು ಉರೀಲಿ ಒಂದೇ ನಿಮಿಷ. ಹಂದಿ ಹಸಿ ಉಳೀಬಾರ್ದು, ಒಂದು ತುಂಡು ಮುರಿದು ನೋಡಿ.

ಗೊಜ್ಜಿಗೆ ವಿನೆಗರ್, ಸಕ್ಕರೆ, ಟೊಮೆಟೊ ಸಾಸ್, ನೀರು ಎಲ್ಲಾ ಮೂರು ಮೂರು ದೊಡ್ಡ ಚಮಚ, ಒಂದು ಚಮಚ ಸೋಯಾ ಸಾಸ್. ಬೇರೆ ಬಾಂಡ್ಲೀಲಿ ಈರುಳ್ಳಿ, ದೊಣ್ಣೆಮೆಣಸಿನಕಾಯಿ ದಪ್ಪದಪ್ಪ ಹೆಚ್ಚಿ ಬಾಡಿಸಿ, ಒಂದು ಬಟ್ಟಲು ಅನಾನಸ್ ಹಾಕಿ, ಗೊಜ್ಜು ಹುಯ್ದು ಕುದಿ ಬಂದ್ಮೇಲೆ ಒಂದು ಚಮಚ ಕಾರ್ನ್‌ಫ್ಲೋರ್ ನೀರಲ್ಲಿ ಕದಡಿ ಬಿಡಿ. ಹೊಳಪು ಬಂದ ತಕ್ಷಣ ಕರಿದ ತುಂಡು ಹಾಕಿ, ನಾಲ್ಕು ಸಲ ಮಗುಚಿ, ಒಲೆ ಆರಿಸಿ. ಸೀದಾ ತಟ್ಟೆಗೆ. ಕಾಯ್ಸೋ ಹಾಗಿಲ್ಲ.

ಅತ್ತೆ ಮೊದಲು ಮೂಸಿ ನೋಡಿದ್ರು. ಆಮೇಲೆ ಒಂದು, ಎರಡು... ಏಳು ತುಂಡು ತಿಂದ್ರು, ಅನ್ನದ ಜೊತೆ. ಕಟ್ಟಿಸಿದ ಹಲ್ಲಲ್ಲಿ ನಿಧಾನಕ್ಕೆ ಅಗೀತಾ, "ಅವ್ರು ಅನಾನಸ್ ಎಲ್ಲಾ ನನ್ನ ತಟ್ಟೆಗೇ ಹಾಕೋರು" ಅಂದ್ರು. ಮಾವ ಹೋಗಿ ಒಂಬತ್ತು ವರ್ಷ ಆಯ್ತು. ನಾನು ಏನೂ ಅನ್ಲಿಲ್ಲ, ನನ್ನ ತಟ್ಟೇಲಿದ್ದ ಅನಾನಸ್ ತೆಗೆದು ಅವರ ತಟ್ಟೆಗೆ ಹಾಕ್ದೆ. ತಿಂದು ಮುಗಿಸಿ ಕೈ ತೊಳ್ಕೊಳ್ತಾ "ಹುಳಿ ಸರಿಯಾಗಿದೆ" ಅಂದ್ರು ನೋಡಿ! ನಮ್ಮೆಜಮಾನ್ರು ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡ್ದೆ.

ಮಾರನೇ ದಿನ ಬೆಳಿಗ್ಗೆ ಸುಮ್ನೆ "ನೆನ್ನೆ ಏನ್ ಊಟ ಮಾಡಿದ್ರಿ ಅತ್ತೆ?" ಅಂತ ಕೇಳ್ದೆ. "ಗಂಜಿ. ನೀನು ಇನ್ನೇನ್ ಕೊಡ್ತೀಯ" ಅಂದ್ರು.

ಮೊದಲಾಗಿದ್ರೆ ಸಿಟ್ಟು ಬರ್ತಿತ್ತೇನೋ. ನಗು ಬಂತು. ಸೋಮವಾರ ಸಂತೇಲಿ ಇನ್ನೊಂದು ಅನಾನಸ್ ತಂದಿಟ್ಟಿದೀನಿ.