ಅಜ್ಜಿಗೆ ಟೆನಿಸ್ ಎಲ್ಬೋ!

ನನಗಿರುವುದು ‘ಟೆನಿಸ್ ಎಲ್ಬೋ’ ಎಂದು ಡಾಕ್ಟರು ಹೇಳಿದಾಗ ಜೊತೆಗಿದ್ದ ಮೊಮ್ಮಗಳು ಕಿಸಕ್ಕನೆ ನಕ್ಕಳು. “ಅಜ್ಜೀ, ನೀನು ಯಾವಾಗ ಟೆನಿಸ್ ಆಡಿದೆ?”

ನಾನು ಆಡಿದ್ದು ಚಕ್ಕುಲಿ ಒರಳಿನ ಜೊತೆ. ಗೌರಿ ಹಬ್ಬಕ್ಕೆಂದು ಮೂರು ದಿನ ಅದರ ಹಿಡಿ ತಿರುಗಿಸಿದ್ದೆ. ನಡುನಡುವೆ ಕಾಯಿ ತುರಿಯುವುದು, ಬಟ್ಟೆ ಹಿಂಡುವುದು ಇದ್ದೇ ಇತ್ತು. ಆಮೇಲೆ ಕಾಫಿ ಲೋಟ ಎತ್ತಿದರೂ ಮೊಣಕೈಯ ಹೊರಬದಿಯಲ್ಲಿ ಚಳುಕು. ಜಡೆ ಹೆಣೆಯಲು ನನ್ನ ಕೈಲಾಗದೆ, ಮೊಮ್ಮಗಳು ಎರಡು ವಾರ ಜುಟ್ಟು ಕಟ್ಟಿಕೊಂಡೇ ಶಾಲೆಗೆ ಹೋದಳು. ನೋವಿಗಿಂತ ನನಗೆ ಅದೇ ಬೇಸರ.

ಈ ನೋವು ಬರುವವರಲ್ಲಿ ಹೆಚ್ಚಿನವರು ಟೆನಿಸ್ ಆಡುವವರಲ್ಲ. ಬಡಗಿ, ಪೇಂಟರು, ಅಡುಗೆಯವರು, ಯಾರಿಗೂ ಬಂದೀತು. ಸಚಿನ್ ತೆಂಡೂಲ್ಕರ್ ಅವರಿಗೂ ಬಂದು, 2005ರಲ್ಲಿ ಲಂಡನ್ನಿನಲ್ಲಿ ಆಪರೇಷನ್ ಆಗಿತ್ತು. ಇದು ತಿಳಿದ ಮೇಲೆ ಮನೆಯಲ್ಲಿ ನನ್ನ ಮೊಣಕೈಗೆ ಸ್ವಲ್ಪ ಮರ್ಯಾದೆ ಬಂತು.

ನೋವು ಮೊಣಕೈಗೆ, ಆದರೆ ದುಡಿತ ಮಣಿಕಟ್ಟಿನದು. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮೊಣಕೈಯ ಹೊರಗಿನ ಮೂಳೆಗೆ ಗಟ್ಟಿ ನಾರಿನಿಂದ ಅಂಟಿಕೊಂಡಿವೆ. ಮಕ್ಕಳೇ, ಬಲ ಮೊಣಕೈಯ ಹೊರಬದಿಯನ್ನು ಎಡಗೈಯಿಂದ ಮುಟ್ಟಿಕೊಂಡು ಬಲ ಮುಷ್ಟಿ ಬಿಗಿಮಾಡಿ. ಅಲ್ಲಿ ಗಟ್ಟಿಯಾಯಿತಲ್ಲ, ಅದೇ ಜಾಗ. ಏನನ್ನು ಬಿಗಿಯಾಗಿ ಹಿಡಿದರೂ ಆ ನಾರು ಜಗ್ಗುತ್ತದೆ. ಬಿಡುವಿಲ್ಲದೆ ಜಗ್ಗಿದರೆ ಸವೆಯುತ್ತದೆ.

ಮೊದಮೊದಲು ಬಟ್ಟೆಯಲ್ಲಿ ಸುತ್ತಿದ ಐಸ್, ಹತ್ತು ನಿಮಿಷ. ನೋವು ತರುವ ಕೆಲಸಕ್ಕೆ ರಜೆ. ಪಕ್ಕದ ಮನೆಯವರು ಕೈಯನ್ನೇ ಅಲ್ಲಾಡಿಸಬೇಡಿ ಎಂದರು, ಡಾಕ್ಟರು ಒಪ್ಪಲಿಲ್ಲ. ಸುಮ್ಮನೆ ಕೂತ ಕೈಗೆ ಬಲ ಕುಂದುತ್ತದಂತೆ. ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದ ನೋವು ಬೇಗ ಇಳಿಯುತ್ತದೆ, ಆದರೆ ಕೆಲವು ತಿಂಗಳಲ್ಲಿ ಮರಳುವುದೂ ಉಂಟು. ನಾನು ಬೇಡವೆಂದೆ.

ನನ್ನನ್ನು ಗೆಲ್ಲಿಸಿದ್ದು ಫಿಸಿಯೋಥೆರಪಿಯವರು ಕಲಿಸಿದ ಒಂದು ವ್ಯಾಯಾಮ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಹಸ್ತ ಮಾತ್ರ ಅಂಚಿನಿಂದ ಹೊರಗೆ ಚಾಚಬೇಕು. ಹಸ್ತದಲ್ಲಿ ಸ್ವಲ್ಪ ನೀರು ತುಂಬಿದ ಚಿಕ್ಕ ಬಾಟಲಿ. ಇನ್ನೊಂದು ಕೈಯಿಂದ ಹಸ್ತವನ್ನು ಮೇಲೆತ್ತಿ, ನಂತರ ಅದನ್ನು ತಾನೇ ನಿಧಾನವಾಗಿ ಇಳಿಯಲು ಬಿಡಬೇಕು. ಹತ್ತು ಸಲ. ಎಣಿಸುವವಳು ಮೊಮ್ಮಗಳು. ನಾನು ಅವಸರ ಮಾಡಿದರೆ “ಇದು ಲೆಕ್ಕಕ್ಕಿಲ್ಲ” ಎನ್ನುವಳು! ಮೂರು ತಿಂಗಳು ಹಿಡಿಯಿತು. ಕೆಲವರಿಗೆ ವರ್ಷವೇ ಬೇಕಾಗುತ್ತದೆ. ಕೈ ಜೋಮು ಹಿಡಿದರೆ, ಊದಿಕೊಂಡರೆ, ಬಿದ್ದು ಪೆಟ್ಟಾಗಿದ್ದರೆ ವ್ಯಾಯಾಮವಲ್ಲ, ಮೊದಲು ಡಾಕ್ಟರು.

ಈಗ ತರಕಾರಿ ಚೀಲವನ್ನು ಅಂಗೈ ಮೇಲ್ಮುಖವಾಗಿಟ್ಟು, ಮೈಗೆ ಹತ್ತಿರ ಹಿಡಿದು ಎತ್ತುತ್ತೇನೆ. ಒರಳಿನ ಹಿಡಿಗೆ ದಪ್ಪ ಬಟ್ಟೆ ಸುತ್ತಿದೆ, ಕೈಗೆ ಅಷ್ಟು ಬಿಗಿ ಬೇಕಾಗುವುದಿಲ್ಲ. ಚಕ್ಕುಲಿಗೆ ಮನೆಯವರದೆಲ್ಲ ಪಾಳಿ. ಮಗ ಒತ್ತಿದ ಚಕ್ಕುಲಿ ಯಾವ ಆಕಾರದಲ್ಲೂ ಇರುವುದಿಲ್ಲ, ಡಬ್ಬಿಯಲ್ಲಿ ಮೊದಲು ಖಾಲಿಯಾಗುವುದು ಮಾತ್ರ ಅದೇ.