ನಡುಸಾಲಿನ ಆಸೆ

ವಯೋಲಾ ಯಾಕೆ ಹಿಡಿದಿರಿ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಸಿದ್ಧ ಉತ್ತರವೊಂದಿದೆ: ಎಲ್ಲರಿಗೂ ಮುಂದೆ ಕೂರುವ ಹಂಬಲ, ನಡುವೆಯೂ ಯಾರಾದರೂ ಇರಬೇಕಲ್ಲ. ಕೇಳಿದವರು ತಲೆದೂಗುತ್ತಾರೆ. ಈಚೆಗೆ ಆ ಉತ್ತರ ನನಗೇ ಹಿಡಿಸುತ್ತಿಲ್ಲ. ಅದರಲ್ಲಿ ಅರ್ಧ ಸುಳ್ಳು, ಉಳಿದರ್ಧ ಜಂಬ.

ನಡೆದದ್ದು ಇಷ್ಟೆ. ಚಿಕ್ಕಂದಿನಲ್ಲಿ ಕಲಿತದ್ದು ನೆಲದ ಮೇಲೆ ಕೂತು ನುಡಿಸುವ ಕರ್ನಾಟಕ ಸಂಗೀತದ ಪಿಟೀಲು. ನಡುವಯಸ್ಸಿನಲ್ಲಿ ಬೆಂಗಳೂರಿನ ಹವ್ಯಾಸಿ ತಂಡವೊಂದನ್ನು ಸೇರಿದೆ. ಗಣೇಶನ ಹಬ್ಬದ ಆರ್ಕೆಸ್ಟ್ರಾ ಅಲ್ಲ, ಸಿಂಫನಿ ನುಡಿಸುವಂಥದು. ಪಿಟೀಲಿಗೆ ಜನ ತುಂಬಿದ್ದರು, ವಯೋಲಾಕ್ಕೆ ಬರುವವರಿರಲಿಲ್ಲ. ಅಲ್ಲಿ ಕೂರಿಸಿದರು, ಕೂತೆ. ತ್ಯಾಗದ ಮಾತೆಲ್ಲ ಆಮೇಲೆ ಹೆಣೆದದ್ದು.

ವಯೋಲಾ ಪಿಟೀಲಿಗಿಂತ ತುಸು ದೊಡ್ಡದು, ಶ್ರುತಿಯಲ್ಲಿ ಒಂದು ಪಂಚಮದಷ್ಟು ಕೆಳಗೆ. ಅದರ ಹಾಳೆಯೇ ಬೇರೆ. ಐದು ಗೆರೆಗಳ ಮೊದಲಲ್ಲಿ ಇರುವ ಕ್ಲೆಫ್ ಎಂಬ ಗುರುತು ಯಾವ ಗೆರೆಗೆ ಯಾವ ಸ್ವರ ಎಂದು ಗೊತ್ತುಮಾಡುತ್ತದೆ. ಪಿಟೀಲು, ಕೊಳಲು, ಓಬೋಗಳಿಗೆ ಟ್ರೆಬಲ್; ಡಬಲ್ ಬೇಸ್, ಟ್ಯೂಬಾಗಳಿಗೆ ಬೇಸ್. ಚೆಲ್ಲೋ, ಬಸೂನ್‌ಗಳು ಕೆಳಗಿದ್ದಾಗ ಬೇಸ್, ಮೇಲೇರಿದರೆ ಟೆನರ್. ವಯೋಲಾಕ್ಕೆ ಆಲ್ಟೊ: ಪಿಯಾನೋದ ನಟ್ಟನಡುವಿನ ‘ಸಿ’ ಇಲ್ಲಿ ನಟ್ಟನಡುವಿನ ಗೆರೆಯ ಮೇಲೆ ಕೂರುತ್ತದೆ. ಅದೇ ಗೆರೆ ಟ್ರೆಬಲ್‌ನಲ್ಲಿ ‘ಬಿ’.

ಪಿಟೀಲಿನಿಂದ ಬಂದವರಿಗೆ ಒಂದು ಒಳದಾರಿ ಉಂಟು. ತಂತಿಯ ಮೇಲೆ ಎಡಗೈ ಕೂರುವ ಜಾಗಕ್ಕೆ ಪೊಸಿಷನ್ ಎನ್ನುತ್ತಾರೆ. ಆಲ್ಟೊ ಹಾಳೆಯನ್ನು ಪಿಟೀಲಿನ ಮೂರನೇ ಪೊಸಿಷನ್ನಿನ ಹಾಳೆ ಎಂದೇ ಭಾವಿಸಿ, ಕೈಯನ್ನು ಮಾತ್ರ ಮೊದಲನೇ ಪೊಸಿಷನ್ನಿನಲ್ಲಿ ಇಟ್ಟರೆ ಬೆರಳು ಸರಿಯಾದ ತಂತಿಯ ಮೇಲೆ ಸರಿಯಾದ ಕಡೆಯೇ ಬೀಳುತ್ತದೆ. ಆ ನಡುಗೆರೆಯ ಸ್ವರಕ್ಕೆ ಎರಡರಲ್ಲೂ ಕೆಳಗಿನಿಂದ ಎರಡನೇ ತಂತಿ, ಮೂರನೇ ಬೆರಳು. ಅರ್ಧಸ್ವರಗಳ ಜಾಗ ಬೇರೆಯಾದ್ದರಿಂದ ಶಾರ್ಪು ಫ್ಲಾಟುಗಳು ಬಂದಾಗ ಎಚ್ಚರ ಬೇಕು, ಅಷ್ಟೆ. ನಾನು ಇಂದಿಗೂ ಓದುವುದು ಹೀಗೇ. ಕಂಡಕ್ಟರ್ ಕೋಲು ಕೆಳಗಿಟ್ಟು ‘ವಯೋಲಾದವರದು ಅಲ್ಲಿ ಯಾವ ಸ್ವರ?’ ಎಂದರೆ ಬೆರಳಿಗೆ ಗೊತ್ತಿರುತ್ತದೆ, ನಾನು ಲೆಕ್ಕ ಹಾಕಬೇಕು. ಆಲ್ಟೊ ಕಲಿಯಲು ಪುರಸೊತ್ತಿಲ್ಲವೆಂದಲ್ಲ. ಕಲಿತುಬಿಟ್ಟರೆ ಪೂರ್ತಿ ವಯೋಲಾದವನೇ ಆಗಿಬಿಡುತ್ತೇನೆ ಎಂಬ ಅಂಜಿಕೆ ಎಲ್ಲೋ ಇದೆ.

ಹೊಗಳಿಕೆಯ ರುಚಿ ಹತ್ತಿದವನಿಗೆ ಈ ಜಾಗ ಕಷ್ಟ. ಕಛೇರಿಯಲ್ಲಿ ಪಕ್ಕವಾದ್ಯದವನಿಗೂ ತನ್ನ ಸರದಿ ಇರುತ್ತದೆ. ಗಾಯಕರ ಆಲಾಪನೆ ಮುಗಿದ ಮೇಲೆ ರಾಗ ನನ್ನ ಕೈಗೆ ಬರುತ್ತಿತ್ತು. ಒಂದು ಸಂಗತಿ ಚೆನ್ನಾಗಿ ಬಂದರೆ ಅವರೇ ‘ಭೇಷ್’ ಅನ್ನುತ್ತಿದ್ದರು. ಇಲ್ಲಿ ಯಾರ ಭೇಷೂ ಇಲ್ಲ. ಕಮಾನು ಮೇಲಕ್ಕೋ ಕೆಳಕ್ಕೋ ಎಂಬುದನ್ನೂ ಸಾಲಿನ ಮುಂದಾಳು ಪೆನ್ಸಿಲಿನಲ್ಲಿ ಗುರುತು ಹಾಕಿರುತ್ತಾರೆ. ಪಿತ್ಸಿಕಾಟೊ ಎಂದಿದ್ದರೆ ಎಲ್ಲರೂ ತಂತಿ ಮೀಟಬೇಕು, ಆರ್ಕೊ ಎಂದೊಡನೆ ಎಲ್ಲರೂ ಕಮಾನಿಗೆ ಮರಳಬೇಕು. ಸ್ವರಕ್ಕೆ ಬೆರಳು ಜಾರಿಸಿಕೊಂಡು ಬಂದರೆ ಪಕ್ಕದವರು ಓರೆಗಣ್ಣಲ್ಲಿ ನೋಡುತ್ತಾರೆ. ಇಬ್ಬರಿಗೊಂದು ಸ್ಟ್ಯಾಂಡು, ಒಳಬದಿಯಲ್ಲಿ ಕೂತವನು ನುಡಿಸುವುದನ್ನು ಬಿಟ್ಟು ಹಾಳೆ ತಿರುವಬೇಕು. ಆ ಒಳಬದಿಯವನು ನಾನು. ಒಮ್ಮೆ ಕಾರ್ಯಕ್ರಮ ಮುಗಿದ ಮೇಲೆ ಅತ್ತಿಗೆ ಕೇಳಿದರು, ‘ಎಲ್ಲಾ ಚೆನ್ನಾಗಿತ್ತು ಕಣಪ್ಪ, ಆದ್ರೆ ನೀನು ನುಡಿಸಿದ್ದು ಯಾವುದು?’ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ಹೇಳಲು ನಾಚಿಕೆ. ಕೇಳಿಸದಿರುವುದು ನನಗೆ ಅನುಕೂಲವೂ ಹೌದು. ವೇಗದ ಕಡೆ ಬೆರಳು ಓಡದಿದ್ದರೆ ಕಮಾನನ್ನು ತಂತಿಯಿಂದ ಕೂದಲೆಳೆಯಷ್ಟು ಎತ್ತಿ, ಎಲ್ಲರ ಜೊತೆ ಆಡಿಸುತ್ತೇನೆ. ಮುಖದಲ್ಲಿ ತನ್ಮಯತೆಗೆ ಕೊರತೆಯಿಲ್ಲ. ಬ್ರಾಮ್ಸ್‌ನ ‘ಜರ್ಮನ್ ರೆಕ್ವಿಯಮ್’ ಕೃತಿಯ ಮೊದಲ ಭಾಗದಲ್ಲಿ ಪಿಟೀಲುಗಳೇ ಇಲ್ಲ. ವಯೋಲಾ, ಚೆಲ್ಲೋಗಳು ಕವಲೊಡೆದು ಆ ಜಾಗ ತುಂಬುತ್ತವೆ. ಅದನ್ನು ಕೇಳುವಾಗೆಲ್ಲ ನನ್ನ ಕಣ್ಣು ತುಂಬುತ್ತದೆ. ಅದು ಬ್ರಾಮ್ಸ್‌ನಿಂದಲೋ, ಪಿಟೀಲಿನವರು ಸುಮ್ಮನೆ ಕೂತಿರುತ್ತಾರೆ ಎಂಬ ಸಣ್ಣ ಖುಷಿಯಿಂದಲೋ, ಪ್ರಮಾಣ ಮಾಡಿ ಹೇಳಲಾರೆ.

ಪಿಟೀಲಿನ ದಿಗ್ಗಜ ಪಗನೀನಿಯ ಕಥೆ ನನಗೆ ಬಹಳ ಪ್ರಿಯ. ಅವನ ಕೈಗೆ ಸ್ಟ್ರಾಡಿವೇರಿಯಸ್ ವಯೋಲಾ ಒಂದು ಬಂತು. ಅದಕ್ಕೆ ತಕ್ಕ ಕೃತಿ ಬರೆದುಕೊಡು ಎಂದು ಬೆರ್ಲಿಯೋಜ್‌ನನ್ನು ಕೇಳಿದ. ಬರೆದ ಮೊದಲ ಭಾಗದಲ್ಲಿ ವಿರಾಮಗಳೇ ಹೆಚ್ಚು ಕಂಡವು. ತಾನು ನುಡಿಸುತ್ತಲೇ ಇರಬೇಕು ಎಂದು ಹಟ ಹಿಡಿದು ಕೈಬಿಟ್ಟ. ‘ಹೆರಾಲ್ಡ್ ಇನ್ ಇಟಲಿ’ ಎಂಬ ಆ ಕೃತಿಯನ್ನು 1834ರಲ್ಲಿ ಬೇರೊಬ್ಬರು ನುಡಿಸಿದರು. 1838ರಲ್ಲಿ ಕೊನೆಗೂ ಅದನ್ನು ಕೇಳಿದ ಪಗನೀನಿ ಬೆರ್ಲಿಯೋಜ್‌ನ ಮುಂದೆ ಮಂಡಿಯೂರಿದ, 20,000 ಫ್ರಾಂಕ್ ಕಳಿಸಿದ. ಜನ ಮೆಚ್ಚುವುದು ಆ ಮಂಡಿಯೂರಿದ ಪಗನೀನಿಯನ್ನು. ನನಗೆ ಅರ್ಥವಾಗುವವನು ಹಾಳೆಯಲ್ಲಿ ವಿರಾಮ ಎಣಿಸಿ ಸಿಟ್ಟಾದವನು. ಬೀಥೋವನ್‌ನ ಐದನೇ ಸಿಂಫನಿಯಲ್ಲಿ ಟ್ರಾಂಬೋನಿನವರು ಮೂರು ಭಾಗ ತೆಪ್ಪಗೆ ಕೂತು ನಾಲ್ಕನೆಯದಕ್ಕೆ ವಾದ್ಯ ಎತ್ತುತ್ತಾರೆ. ಅಷ್ಟು ಹೊತ್ತು ಅವರ ಮುಖದಲ್ಲಿ ಅಸಮಾಧಾನ ಇದೆಯೇ ಎಂದು ಕದ್ದು ನೋಡುತ್ತಿರುತ್ತೇನೆ. ಕಾಣುವುದಿಲ್ಲ.

ಮುಂದಿನ ಕಾರ್ಯಕ್ರಮಕ್ಕೆ ಎರಡನೇ ಪಿಟೀಲಿನಲ್ಲಿ ಜಾಗ ಖಾಲಿಯಿದೆ, ಬರುತ್ತೀರಾ ಎಂದು ಮೊನ್ನೆ ಕೇಳಿದರು. ವಯೋಲಾ ಬಿಟ್ಟಿರಲಾರೆ ಎಂದೆ. ಮೊದಲನೇ ಪಿಟೀಲಾದರೆ ನೋಡೋಣ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.