ಬಗ್ಗಿ ಓಡಿದವರು

ಬೆಳಕು ಹರಿಯುವ ಮುನ್ನ ಶಾಂಘೈನ ಇಕ್ಕಟ್ಟಾದ ಓಣಿಯೊಳಗೆ ಪೊಲೀಸರ ತಂಡ ನುಗ್ಗುತ್ತದೆ. ಕೈಯಲ್ಲಿ ಪಿಸ್ತೂಲು, ಮುಂದೆ ಕತ್ತಲು. ಅಡಗಿರುವವರ ಬಳಿಯೂ ಬಂದೂಕುಗಳಿವೆ. ಯಾವ ಬಾಗಿಲು ಯಾವಾಗ ತೆರೆಯುತ್ತದೋ, ಯಾವ ಮೂಲೆಯಿಂದ ಗುಂಡು ಹಾರುತ್ತದೋ! ಓಡು, ಓಡು ಅಷ್ಟೇ.

ದಾಳಿ ಮುಗಿಯಿತು. ಆಮೇಲೆ ಹಗಲಲ್ಲಿ ಅದೇ ಜಾಗಕ್ಕೆ ಹೋಗಿ ನೋಡಿದರೆ ಓಣಿಗೆ ಅಡ್ಡಲಾಗಿ, ಸರಿಯಾಗಿ ಮುಖದ ಎತ್ತರಕ್ಕೆ, ತಂತಿ ಬಿಗಿದಿತ್ತು. ರಾತ್ರಿ ಒಬ್ಬನಿಗೂ ತಗುಲಿರಲಿಲ್ಲ. ಹೇಗೆ? ಯಾರೂ ಹೇಳಿಕೊಡದಿದ್ದರೂ ಅಷ್ಟೂ ಮಂದಿ ಬಗ್ಗಿಕೊಂಡೇ ಓಡಿದ್ದರು!

ಇದರ ಮರ್ಮ ಹಿಡಿದವನು ವಿಲಿಯಂ ಫೇರ್‌ಬೇರ್ನ್. 1907ರಲ್ಲಿ ಶಾಂಘೈ ಮುನಿಸಿಪಲ್ ಪೊಲೀಸ್ ಸೇರಿದ ಈ ಬ್ರಿಟಿಷನನ್ನು ಗೂಂಡಾಗಳು ಒಮ್ಮೆ ಸಾಯಬಡಿದಿದ್ದರು. ಆಸ್ಪತ್ರೆಯಿಂದ ಎದ್ದುಬಂದವನು ಒಕಾಡ ಎಂಬ ಜಪಾನಿ ಗುರುವಿನ ಬಳಿ ಜುಜುತ್ಸು ಕಲಿಯಲು ನಿಂತ. ಆದರೆ ಚಾಪೆಯ ಮೇಲೆ, ಎದುರಾಳಿಗೆ ತಲೆಬಾಗಿ ಶುರುಮಾಡುವ ಆಟ ಗಲ್ಲಿಯಲ್ಲಿ ಎಲ್ಲಿ ನಡೆದೀತು? ಅಲ್ಲಿ ಚಾಕು ಇರಿದ ಮೇಲೆಯೇ ಕಾಣುವುದು. ಗಾಬರಿಗೆ ಬೆರಳು ನಡುಗುತ್ತದೆ, ನಾಜೂಕಿನ ಪಟ್ಟುಗಳೆಲ್ಲ ಮರೆತುಹೋಗುತ್ತವೆ. ಹಾಗಾಗಿ ಅವನು ಉಳಿಸಿಕೊಂಡದ್ದು ನಾಲ್ಕಾರು ಒರಟು ಏಟುಗಳನ್ನು ಮಾತ್ರ: ಅಂಗೈ ಬುಡದಿಂದ ಗದ್ದಕ್ಕೆ ಕೆಳಗಿನಿಂದ ಗುದ್ದು, ಅಂಗೈಯ ಅಂಚಿನಿಂದ ಕುತ್ತಿಗೆಗೆ ಹೊಡೆತ, ತೊಡೆಸಂದಿಗೆ ಮೊಣಕಾಲು. 1926ರಲ್ಲಿ ಇವೆಲ್ಲ 'ಡಿಫೆಂಡು' ಎಂಬ ಪುಸ್ತಕವಾಗಿ ಬಂದವು. ಸಭ್ಯರಿಗೆ ಇವು ಕೊಳಕು ಅನ್ನಿಸಬಹುದು. ಅನ್ನಿಸಲಿ ಬಿಡಿ, ಮೈಮೇಲೆ ಬಿದ್ದವನು ಸಭ್ಯತೆ ಕೇಳಿಕೊಂಡು ಬಂದಿರುವುದಿಲ್ಲ.

ಪಿಸ್ತೂಲಿನ ತರಬೇತಿಯನ್ನೂ ಬುಡಮೇಲು ಮಾಡಿದ. ನೆಟ್ಟಗೆ ನಿಂತು, ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುವಷ್ಟು ಹೊತ್ತು ಯಾರು ಕೊಡುತ್ತಾರೆ? ಮೈ ತಾನಾಗಿ ಬಗ್ಗುವುದಾದರೆ ಬಗ್ಗಿಯೇ ಹೊಡೆಯಿರಿ ಎಂದ. ಕಲಿಯುವವನನ್ನು ಗುರುತಿಲ್ಲದ ಮಬ್ಬುಗತ್ತಲ ಮನೆಯೊಳಗೆ ಬಿಡುತ್ತಿದ್ದರು. ಕಾಲ ಕೆಳಗಿನ ನೆಲ ಅಲುಗಾಡುತ್ತದೆ. ಕಿವಿಯ ಪಕ್ಕದಲ್ಲೇ ಪಟಾಕಿ! ಬೆಚ್ಚಿ ತಿರುಗುವಷ್ಟರಲ್ಲಿ ಎದುರಿಗೆ ಗೊಂಬೆ ಮೇಲೇಳುತ್ತದೆ. ಹೊಡೆ! ಉಸಿರು ಎಳೆದುಕೊಳ್ಳುವ ಮೊದಲೇ ಇನ್ನೊಂದು. ಎಷ್ಟು ಗುಂಡು ತಾಗಿತು ಎಂಬುದಕ್ಕಿಂತ, ಎದೆ ಬಡಿತ ಏರಿದಾಗ ಕೈ ಏನು ಮಾಡುತ್ತದೆ ಎಂಬುದೇ ಅಲ್ಲಿನ ಪರೀಕ್ಷೆ.

1940ರಲ್ಲಿ, ಐವತ್ತೈದರ ಅಂಚಿನಲ್ಲಿದ್ದ ಈ ಕನ್ನಡಕದ ಮನುಷ್ಯ ಶಾಂಘೈನ ಜೊತೆಗಾರ ಎರಿಕ್ ಸೈಕ್ಸ್ ಜೊತೆ ಸ್ಕಾಟ್ಲೆಂಡಿನ ಲೋಖೈಲೋರ್ಟ್‌ಗೆ ಬಂದ. ನಾಜಿಗಳ ವಿರುದ್ಧ ಹೋರಾಡಲಿದ್ದ ಸೈನಿಕರಿಗೆ ಕೈಕೈ ಕಾಳಗ ಕಲಿಸಬೇಕಿತ್ತು. ಅಲ್ಲಿನ ಮೊದಲ ಪಾಠದ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ಹುಡುಗರು ಕಾಯುತ್ತ ನಿಂತಿದ್ದಾಗ ಇಬ್ಬರು ವಯಸ್ಸಾದ ಅಧಿಕಾರಿಗಳು ಮೆಟ್ಟಿಲ ಮೇಲೆ ಎಡವಿ ದಡದಡನೆ ಉರುಳಿದರಂತೆ. ಅಯ್ಯೋ ಎಂದು ಎತ್ತಲು ಧಾವಿಸಿದವರಿಗೆ ಎದುರಾದದ್ದು ಬಗ್ಗಿ ನಿಂತ ಇಬ್ಬರು. ಇಬ್ಬರ ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಕಠಾರಿ.